ಕಣಿವೆ ಕಟ್ಟಿದ ಮೇಷ್ಟ್ರು: ಫ್ರೆಡ್ರಿಕ್ ಟರ್ಮನ್

ಎಲೆಕ್ಟ್ರಾನಿಕ್ಸ್ ಬ್ರಾಂಚಿನವರಿಗೆ ವೀನ್ ಬ್ರಿಡ್ಜ್ ಆಸಿಲೇಟರ್ ಹೊಸದೇನಲ್ಲ. ಬ್ರೆಡ್‌ಬೋರ್ಡ್ ಮೇಲೆ ಸರ್ಕ್ಯೂಟ್ ಕಟ್ಟಿ, ಸೈನ್ ವೇವ್ ಬರದೇ ಇದ್ದಾಗ ಪಾಟ್ ತಿರುಗಿಸಿ ತಿರುಗಿಸಿ ಸುಸ್ತಾಗಿ, ವೈವಾದಲ್ಲಿ ಗೇನ್ 3 ಯಾಕಿರಬೇಕು ಅಂತ ಕೇಳಿಸಿಕೊಂಡಿರ್ತೀವಿ. ಈ ಸರ್ಕ್ಯೂಟನ್ನೇ ಡಬ್ಬಿಯಲ್ಲಿಟ್ಟು ಮಾರಿ ಶುರುವಾದ ಕಂಪನಿ ಎಚ್‌ಪಿ. ಅದನ್ನು ಮಾರೋಕೆ ಇಬ್ಬರು ಹುಡುಗರನ್ನು ಹುರಿದುಂಬಿಸಿದವರು ಅವರ ಕಾಲೇಜಿನ ಮೇಷ್ಟ್ರು. ಆ ಮೇಷ್ಟ್ರ ಹೆಸರು ಫ್ರೆಡ್ರಿಕ್ ಎಮನ್ಸ್ ಟರ್ಮನ್. ಸಿಲಿಕಾನ್ ಕಣಿವೆಯ ತಂದೆ ಅಂತ ಅವರನ್ನು ಕರೀತಾರೆ.

ಈಗ ಅವರ ಕತೆ ಯಾಕೆ ಬೇಕು? ಕೃತಕ ಬುದ್ಧಿಮತ್ತೆಯ ಹೆಸರಲ್ಲಿ ಈಗ ಹರಿಯುತ್ತಿರೋ ಹಣ ಲೆಕ್ಕಕ್ಕೆ ಸಿಗದಷ್ಟು. ನಮ್ಮ ಕೇಂದ್ರ ಸರ್ಕಾರವೂ 2024ರಲ್ಲಿ ಇಂಡಿಯಾ ಎಐ ಮಿಷನ್‌ಗೆ 10,000 ಕೋಟಿ ರೂಪಾಯಿಗೂ ಹೆಚ್ಚು ಮೊತ್ತಕ್ಕೆ ಒಪ್ಪಿಗೆ ಕೊಟ್ಟಿತು. ಡೇಟಾ ಸೆಂಟರ್ ನಮ್ಮಲ್ಲಿಗೆ ಬರಲಿ, ಕಂಪನಿ ನಮ್ಮಲ್ಲಿಗೆ ಬರಲಿ ಅಂತ ರಾಜ್ಯ ರಾಜ್ಯಗಳ ನಡುವೆಯೇ ಪೈಪೋಟಿ. ಹಣ ಬಂದ್ರೆ ಊರು ಬೆಳೆಯುತ್ತೆ ಅನ್ನೋ ನಂಬಿಕೆ ಇದರ ಹಿಂದಿದೆ. ಟರ್ಮನ್ ತಮ್ಮ ಇಡೀ ಆಯುಷ್ಯವನ್ನು ಇದೇ ವಿಷಯಕ್ಕೆ ಸವೆಸಿದರು. ಅವರು ಗೆದ್ದಿದ್ದೂ ಇದೆ, ಸೋತಿದ್ದೂ ಇದೆ. ಎರಡನ್ನೂ ನೋಡೋಣ.

ಬುದ್ಧಿ ಅಳೆಯುವ ಅಪ್ಪ, ರೇಡಿಯೋ ಹುಚ್ಚಿನ ಮಗ

ಟರ್ಮನ್ ಹುಟ್ಟಿದ್ದು 1900ರ ಜೂನ್ 7ರಂದು, ಅಮೆರಿಕದ ಇಂಡಿಯಾನಾ ರಾಜ್ಯದ ಇಂಗ್ಲಿಷ್ ಅನ್ನೋ ಸಣ್ಣ ಊರಲ್ಲಿ. ಅಪ್ಪ ಲೂಯಿಸ್ ಟರ್ಮನ್ ಮನಶ್ಶಾಸ್ತ್ರಜ್ಞ. ಅವರಿಗೆ ಕ್ಷಯ ಇದ್ದದ್ದರಿಂದ ಬೆಚ್ಚಗಿನ ಹವೆ ಹುಡುಕಿಕೊಂಡು ಕುಟುಂಬ ಕ್ಯಾಲಿಫೋರ್ನಿಯಾಕ್ಕೆ ಬಂತು. 1910ರಲ್ಲಿ ಅಪ್ಪನಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿತು. ಐಕ್ಯೂ ಪರೀಕ್ಷೆ ಅಂತ ನಾವು ಇವತ್ತು ಏನು ಹೇಳ್ತೀವೋ, ಅದನ್ನು ಅಮೆರಿಕದಲ್ಲಿ ಮನೆಮಾತು ಮಾಡಿದ ಸ್ಟ್ಯಾನ್‌ಫರ್ಡ್-ಬಿನೆ ಪರೀಕ್ಷೆ 1916ರಲ್ಲಿ ಅವರು ರೂಪಿಸಿದ್ದು. ಬುದ್ಧಿವಂತ ಮಕ್ಕಳನ್ನು ಆರಿಸಿ, ಅವರು ಮುಂದೆ ಏನಾಗ್ತಾರೆ ಅಂತ ದಶಕಗಟ್ಟಲೆ ಹಿಂಬಾಲಿಸುವ ಅಧ್ಯಯನವನ್ನೂ ಅವರು ಶುರು ಮಾಡಿದರು. ಬುದ್ಧಿ ರಕ್ತದಲ್ಲೇ ಬರುತ್ತೆ ಅನ್ನೋ ನಂಬಿಕೆಯಿಂದ ಸುಜನನವಾದವನ್ನೂ ಬೆಂಬಲಿಸಿದರು. ಇವತ್ತು ಆ ವಾದವನ್ನು ಯಾರೂ ಒಪ್ಪಲ್ಲ.

ಮಗನಿಗೆ ರೇಡಿಯೋ ಹುಚ್ಚು. ಅವರಿದ್ದ ಪಾಲೋ ಆಲ್ಟೋದಲ್ಲೇ ಫೆಡರಲ್ ಟೆಲಿಗ್ರಾಫ್ ಅನ್ನೋ ಕಂಪನಿ ಇತ್ತು. ಟ್ರಯೋಡ್ ಕಂಡುಹಿಡಿದ ಲೀ ಡಿ ಫಾರೆಸ್ಟ್ ಕೆಲಸ ಮಾಡಿದ್ದು ಅಲ್ಲೇ. ಅಂಥ ಊರಲ್ಲಿ ಬೆಳೆದ ಹುಡುಗ ಸಹಜವಾಗೇ ಹ್ಯಾಮ್ ರೇಡಿಯೋಗೆ ಬಿದ್ದ. ಸ್ಟ್ಯಾನ್‌ಫರ್ಡ್‌ನಲ್ಲಿ ಮೊದಲು ರಸಾಯನಶಾಸ್ತ್ರ, ಆಮೇಲೆ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ, 1924ರಲ್ಲಿ ಎಂಐಟಿಯಿಂದ ಡಾಕ್ಟರೇಟ್ ಪಡೆದರು. ಅಲ್ಲಿ ಅವರಿಗೆ ಗುರುವಾಗಿದ್ದವರು ವ್ಯಾನೆವರ್ ಬುಷ್. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಇಡೀ ವೈಜ್ಞಾನಿಕ ಸಂಶೋಧನೆಯ ಚುಕ್ಕಾಣಿ ಹಿಡಿದ ಮನುಷ್ಯ ಅವರೇ.

ಎಂಐಟಿಯಲ್ಲೇ ಪಾಠ ಮಾಡುವ ಅವಕಾಶ ಟರ್ಮನ್‌ಗೆ ಸಿಕ್ಕಿತ್ತು. ಅಷ್ಟರಲ್ಲಿ ರಜೆಗೆ ಮನೆಗೆ ಬಂದಾಗ ಅಪ್ಪನನ್ನು ಕಾಡಿದ ಕ್ಷಯವೇ ಮಗನಿಗೂ ಬಂತು. ಆಗ ಕ್ಷಯಕ್ಕೆ ಔಷಧಿಯೇ ಇರಲಿಲ್ಲ, ವಿಶ್ರಾಂತಿ ಒಂದೇ ದಾರಿ. ಸುಮಾರು ಒಂದು ವರ್ಷ ಹಾಸಿಗೆ ಹಿಡಿದರು. ಎಂಐಟಿ ಕೈತಪ್ಪಿತು. ಹಾಸಿಗೆಯಲ್ಲೇ ಓದಿ ಬರೆದು, ಸ್ವಲ್ಪ ಚೇತರಿಸಿಕೊಂಡ ಮೇಲೆ 1925ರಲ್ಲಿ ಮನೆ ಹತ್ತಿರದ ಸ್ಟ್ಯಾನ್‌ಫರ್ಡ್‌ನಲ್ಲಿ ಅರೆಕಾಲಿಕ ಮೇಷ್ಟ್ರಾಗಿ ಸೇರಿದರು. ಆ ಕಾಯಿಲೆ ಬರದೇ ಇದ್ದಿದ್ರೆ ಟರ್ಮನ್ ಪೂರ್ವ ಕರಾವಳಿಯಲ್ಲೇ ಉಳಿದುಬಿಡ್ತಿದ್ರೋ ಏನೋ.

ಒಳ್ಳೆಯವರೆಲ್ಲ ಊರು ಬಿಟ್ಟು ಹೋಗ್ತಾರೆ

ಆಗಿನ ಸ್ಟ್ಯಾನ್‌ಫರ್ಡ್ ಈಗಿನ ಸ್ಟ್ಯಾನ್‌ಫರ್ಡ್ ಅಲ್ಲ. ಸುತ್ತಲಿನ ಸಾಂಟಾ ಕ್ಲಾರಾ ಕಣಿವೆಯ ತುಂಬ ಏಪ್ರಿಕಾಟ್, ಪ್ರೂನ್ ತೋಟಗಳು, ಹಣ್ಣು ಡಬ್ಬಿಗೆ ತುಂಬುವ ಕಾರ್ಖಾನೆಗಳು. ಎಂಜಿನಿಯರಿಂಗ್ ಓದಿದ ಹುಡುಗರಿಗೆ ಅಲ್ಲಿ ಕೆಲಸ ಸಿಗೋದು ಅಪರೂಪ. ಡಿಗ್ರಿ ಕೈಗೆ ಬಂದ ಕೂಡಲೇ ರೈಲು ಹತ್ತಿ ನ್ಯೂಯಾರ್ಕ್, ನ್ಯೂಜೆರ್ಸಿ, ಬಾಸ್ಟನ್ ಕಡೆ ಹೊರಡೋರು. ಕಲಬುರಗಿಯಲ್ಲೋ ಹಾವೇರಿಯಲ್ಲೋ ಓದಿ ಮಾರನೇ ದಿನವೇ ಬೆಂಗಳೂರಿನ ಬಸ್ ಹತ್ತುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಟರ್ಮನ್‌ಗೆ ಇದು ಸಹಿಸದ ವಿಷಯವಾಗಿತ್ತು. ತಾನು ತಯಾರು ಮಾಡಿದ ಎಂಜಿನಿಯರ್‌ಗಳೆಲ್ಲ ಬೇರೆ ಊರನ್ನು ಬೆಳೆಸ್ತಾ ಇದ್ರೆ ಈ ಊರು ಬೆಳೆಯೋದು ಯಾವಾಗ? ಹುಡುಗರನ್ನು ಅವರು ಸುತ್ತಮುತ್ತಲಿನ ಸಣ್ಣಪುಟ್ಟ ವರ್ಕ್‌ಶಾಪ್‌ಗಳಿಗೆ ಕರೆದುಕೊಂಡು ಹೋಗ್ತಿದ್ರು. ಅದನ್ನು ನಡೆಸುವವರಲ್ಲಿ ಅನೇಕರಿಗೆ ದೊಡ್ಡ ಡಿಗ್ರಿಯೇನೂ ಇರಲಿಲ್ಲ. ಅದನ್ನು ನೋಡಿದ ಹುಡುಗರಿಗೆ ನಾವೂ ಯಾಕೆ ಮಾಡಬಾರದು ಅನ್ನಿಸೋದು. 1932ರಲ್ಲಿ ಅವರ ರೇಡಿಯೋ ಎಂಜಿನಿಯರಿಂಗ್ ಪಠ್ಯಪುಸ್ತಕ ಹೊರಬಂತು. ಗಣಿತದ ಜೊತೆಗೇ ಸರ್ಕ್ಯೂಟನ್ನು ನಿಜವಾಗಿ ವಿನ್ಯಾಸ ಮಾಡೋದು ಹೇಗೆ ಅಂತ ಹೇಳಿಕೊಟ್ಟ ಆ ಪುಸ್ತಕ ಎಷ್ಟೋ ದೇಶಗಳಲ್ಲಿ ಓಡಿತು. ನಮ್ಮ ದೇಶದ ಹಳೇ ಎಂಜಿನಿಯರಿಂಗ್ ಕಾಲೇಜುಗಳ ಗ್ರಂಥಾಲಯದ ಹಿಂದಿನ ರ‍್ಯಾಕುಗಳಲ್ಲಿ ಹುಡುಕಿದ್ರೆ ಟರ್ಮನ್ ಹೆಸರಿನ ದಪ್ಪ ಪುಸ್ತಕ ಸಿಕ್ಕರೂ ಸಿಗಬಹುದು.

ಅವರ ಕ್ಲಾಸಿನಲ್ಲಿದ್ದ ಇಬ್ಬರು ಬಿಲ್ ಹ್ಯೂಲೆಟ್ ಮತ್ತು ಡೇವಿಡ್ ಪ್ಯಾಕರ್ಡ್. 1934ರಲ್ಲಿ ಡಿಗ್ರಿ ಮುಗಿಸಿದ ಪ್ಯಾಕರ್ಡ್ ಎಲ್ಲರಂತೆ ಪೂರ್ವಕ್ಕೆ ಹೋಗಿ ಜನರಲ್ ಎಲೆಕ್ಟ್ರಿಕ್ ಸೇರಿದ. ಟರ್ಮನ್ ಸುಮ್ಮನಾಗಲಿಲ್ಲ. ವರ್ಷಕ್ಕೆ 500 ಡಾಲರಿನ ಫೆಲೋಶಿಪ್ ಒಂದನ್ನು ಹೊಂದಿಸಿ 1938ರಲ್ಲಿ ಅವನನ್ನು ವಾಪಸ್ ಕರೆಸಿಕೊಂಡರು. ಅಷ್ಟು ಹೊತ್ತಿಗೆ ಹ್ಯೂಲೆಟ್ ತನ್ನ ಥೀಸಿಸ್‌ಗಾಗಿ ಆಡಿಯೋ ಆಸಿಲೇಟರ್ ಮೇಲೆ ಕೆಲಸ ಮಾಡ್ತಿದ್ದ. ಅದರಲ್ಲಿ ಒಂದು ಸೊಗಸಾದ ಉಪಾಯ ಇತ್ತು. ಫೀಡ್‌ಬ್ಯಾಕ್ ದಾರಿಯಲ್ಲಿ ಒಂದು ಸಣ್ಣ ವಿದ್ಯುತ್ ಬಲ್ಬ್ ಹಾಕಿದ. ಔಟ್‌ಪುಟ್ ಹೆಚ್ಚಾದ್ರೆ ಫಿಲಮೆಂಟ್ ಬಿಸಿಯಾಗುತ್ತೆ, ಅದರ ರೆಸಿಸ್ಟೆನ್ಸ್ ಏರುತ್ತೆ, ಗೇನ್ ತಾನೇ ಇಳಿಯುತ್ತೆ. ನಾವು ಪಾಟ್ ತಿರುಗಿಸಿ ಮಾಡೋ ಕೆಲಸವನ್ನು ಕೆಲವೇ ಕಾಸಿನ ಬಲ್ಬು ತನ್ನಷ್ಟಕ್ಕೆ ತಾನೇ ಮಾಡ್ತಿತ್ತು.

ಇದನ್ನು ಥೀಸಿಸ್ ಪುಟದಲ್ಲೇ ಬಿಟ್ಟಿದ್ರೆ ಅಲ್ಲಿಗೇ ಮುಗೀತಿತ್ತು. ಮಾರಾಟದ ವಸ್ತು ಮಾಡಿ ಅಂತ ಟರ್ಮನ್ ಬೆನ್ನು ತಟ್ಟಿದರು. ಪಾಲೋ ಆಲ್ಟೋದ ಆಡಿಸನ್ ಅವೆನ್ಯೂದ ಒಂದು ಗ್ಯಾರೇಜಿನಲ್ಲಿ, 538 ಡಾಲರ್ ಬಂಡವಾಳದಲ್ಲಿ 1939ರ ಜನವರಿ 1ರಂದು ಹ್ಯೂಲೆಟ್-ಪ್ಯಾಕರ್ಡ್ ಶುರುವಾಯ್ತು. ಯಾರ ಹೆಸರು ಮೊದಲು ಅಂತ ನಾಣ್ಯ ಚಿಮ್ಮಿ ತೀರ್ಮಾನಿಸಿದರು. ಮೊದಲ ಮಾಡೆಲ್ಲಿನ ಬೆಲೆ 54.40 ಡಾಲರ್. ಆಗ ಮಾರುಕಟ್ಟೆಯಲ್ಲಿದ್ದ ಇಂಥ ಉಪಕರಣಗಳಿಗೆ ಇದರ ಹಲವು ಪಟ್ಟು ಬೆಲೆ. ವಾಲ್ಟ್ ಡಿಸ್ನಿ ಸಂಸ್ಥೆ ಫ್ಯಾಂಟೇಸಿಯಾ ಚಿತ್ರದ ಧ್ವನಿ ವ್ಯವಸ್ಥೆಗೆ ಇದರ ಸುಧಾರಿತ ಮಾಡೆಲ್ ಎಂಟು ಖರೀದಿಸಿತು. ಕಂಪನಿ ನಿಂತಿತು.

ಅದೇ ಹೊತ್ತಿಗೆ ಸ್ಟ್ಯಾನ್‌ಫರ್ಡ್‌ನ ಭೌತಶಾಸ್ತ್ರ ವಿಭಾಗದಲ್ಲಿ ಇನ್ನೊಂದು ಒಪ್ಪಂದ ನಡೆದಿತ್ತು. ರಸೆಲ್ ಮತ್ತು ಸಿಗರ್ಡ್ ವೇರಿಯನ್ ಅನ್ನೋ ಅಣ್ಣತಮ್ಮಂದಿರಿಗೆ ವಿಶ್ವವಿದ್ಯಾಲಯ ಸಂಬಳ ಕೊಡಲಿಲ್ಲ. ಪ್ರಯೋಗಾಲಯ ಬಳಸಲು ಬಿಟ್ಟು, ಸಾಮಗ್ರಿಗೆ ವರ್ಷಕ್ಕೆ 100 ಡಾಲರ್ ಕೊಟ್ಟಿತು. ಪೇಟೆಂಟಿನಿಂದ ಹಣ ಬಂದ್ರೆ ಅರ್ಧ ತನಗೆ ಅಂದಿತು. 1937ರಲ್ಲಿ ಅಲ್ಲಿ ಹುಟ್ಟಿದ್ದು ಕ್ಲೈಸ್ಟ್ರಾನ್. ರೇಡಾರ್ ತಂತ್ರಜ್ಞಾನಕ್ಕೆ ಅದು ದೊಡ್ಡ ಕೊಡುಗೆಯಾಯ್ತು. 100 ಡಾಲರಿಗೆ ಇಷ್ಟು ಬೆಳೆ ಬಂದಿದ್ದನ್ನು ಟರ್ಮನ್ ಪಕ್ಕದ ಕಟ್ಟಡದಿಂದಲೇ ನೋಡ್ತಾ ಇದ್ರು.

ಯುದ್ಧ ಕಲಿಸಿದ ಪಾಠ

ಯುದ್ಧ ಬಂತು. 1942ರಲ್ಲಿ ಹಾರ್ವರ್ಡ್‌ನಲ್ಲಿ ರೇಡಿಯೋ ರಿಸರ್ಚ್ ಲ್ಯಾಬೊರೇಟರಿ ಅನ್ನೋ ಗುಪ್ತ ಪ್ರಯೋಗಾಲಯದ ಹೊಣೆ ಟರ್ಮನ್ ಹೆಗಲಿಗೆ ಬಿತ್ತು. ಶತ್ರುವಿನ ರೇಡಾರನ್ನು ಕುರುಡು ಮಾಡೋದೇ ಅದರ ಕೆಲಸ. ಜಾಮರ್‌ಗಳು, ವಿಮಾನದಿಂದ ಉದುರಿಸುವ ಅಲ್ಯೂಮಿನಿಯಂ ಚೂರುಗಳು, ಇವೆಲ್ಲ ಅಲ್ಲಿ ಅಭಿವೃದ್ಧಿಯಾದವು. 800ಕ್ಕೂ ಹೆಚ್ಚು ಜನರನ್ನು ಅವರು ನಿಭಾಯಿಸಿದರು.

ಅಲ್ಲಿ ಕೂತು ಅವರು ಇನ್ನೊಂದನ್ನು ಗಮನಿಸಿದರು. ಸರ್ಕಾರದ ಸಂಶೋಧನಾ ಹಣ ನದಿಯಂತೆ ಹರೀತಾ ಇದೆ. ಎಂಐಟಿಯೊಂದಕ್ಕೇ ಹತ್ತು ಕೋಟಿ ಡಾಲರಿಗೂ ಮೀರಿ ಸಿಕ್ಕಿತು. ಸ್ಟ್ಯಾನ್‌ಫರ್ಡ್‌ಗೆ ಸಿಕ್ಕಿದ್ದು ಅದರ ಮುಂದೆ ಲೆಕ್ಕಕ್ಕೇ ಇಲ್ಲ. ಹಣ ಹಂಚುವವರಿಗೆ ಸ್ಟ್ಯಾನ್‌ಫರ್ಡ್ ಮೇಲೆ ದ್ವೇಷವೇನೂ ಇರಲಿಲ್ಲ. ಅಷ್ಟು ಕೆಲಸ ಮಾಡಬಲ್ಲ ಜನ ಅಲ್ಲಿ ಇರಲಿಲ್ಲ, ಅಷ್ಟೇ. ಹಣಕ್ಕೆ ಅರ್ಜಿ ಹಾಕುವ ಮೊದಲು ಜನರನ್ನು ಸೇರಿಸಬೇಕು ಅನ್ನೋದು ಟರ್ಮನ್‌ಗೆ ಖಚಿತವಾಯ್ತು. ಎಂಜಿನಿಯರಿಂಗ್ ಡೀನ್ ಆಗಿ ವಾಪಸಾಗುವಾಗ ತಮ್ಮ ಯುದ್ಧಕಾಲದ ಪ್ರಯೋಗಾಲಯದ ಪ್ರತಿಭಾವಂತರಲ್ಲಿ ಹಲವರನ್ನು ಜೊತೆಗೇ ಕರೆತಂದರು.

ಎಲ್ಲ ವಿಭಾಗಕ್ಕೂ ಸ್ವಲ್ಪ ಸ್ವಲ್ಪ ಹಂಚೋದು ಅವರಿಗೆ ಸರಿಬೀಳಲಿಲ್ಲ. ಕೆಲವೇ ವಿಷಯಗಳನ್ನು ಆರಿಸಿ, ಅದರಲ್ಲಿ ಜಗತ್ತಿನ ಅತ್ಯುತ್ತಮರನ್ನು ತಂದು, ಮೈದಾನದ ನಡುವೆ ಗೋಪುರದಂತೆ ಎದ್ದು ಕಾಣಬೇಕು ಅನ್ನೋದು ಅವರ ನೀತಿ. ಟ್ರಾನ್ಸಿಸ್ಟರ್ ಬಂದಾಗ ಜಾನ್ ಲಿನ್ವಿಲ್ ಅವರನ್ನು ಕರೆಸಿದರು. ಜೇಮ್ಸ್ ಗಿಬ್ಬನ್ಸ್ ಅನ್ನೋ ಯುವ ಅಧ್ಯಾಪಕರನ್ನು ಹತ್ತಿರದ ಕಂಪನಿಯೊಂದಕ್ಕೆ ಅರೆಕಾಲಿಕವಾಗಿ ಕಳಿಸಿ, ಸಿಲಿಕಾನ್ ಸಾಧನ ತಯಾರಿಸೋದನ್ನು ಕಲಿತು ಬಂದು ಹುಡುಗರಿಗೆ ಹೇಳಿಕೊಡುವಂತೆ ಮಾಡಿದರು. ಮೇಷ್ಟ್ರುಗಳೇ ಕಾರ್ಖಾನೆಗೆ ಹೋಗಿ ಕಲಿಯೋದು ಅವರಿಗೆ ಅವಮಾನ ಅನ್ನಿಸಲಿಲ್ಲ.

ಮಾರಲಾಗದ ನೆಲದ ಲಾಭ

ಸ್ಟ್ಯಾನ್‌ಫರ್ಡ್ ಬಳಿ 8,000 ಎಕರೆಗೂ ಹೆಚ್ಚು ಜಮೀನಿತ್ತು. ಸ್ಥಾಪಕ ಲೀಲಂಡ್ ಸ್ಟ್ಯಾನ್‌ಫರ್ಡ್ ಅದನ್ನು ಮಾರಕೂಡದು ಅಂತ ಷರತ್ತು ಹಾಕಿದ್ದ. ಸಂಸ್ಥೆಗೆ ದುಡ್ಡಿನ ಮುಗ್ಗಟ್ಟು, ಜಮೀನು ಮಾರೋ ಹಾಗಿಲ್ಲ. ಲೀಸ್‌ಗೆ ಕೊಡಬಹುದಲ್ಲ ಅಂತ 1951ರಲ್ಲಿ ಸ್ಟ್ಯಾನ್‌ಫರ್ಡ್ ಇಂಡಸ್ಟ್ರಿಯಲ್ ಪಾರ್ಕ್ ಶುರುವಾಯ್ತು. ಬಾಡಿಗೆ ಯಾರು ಕೊಟ್ಟರೂ ಸರಿ ಅಂತ ಬಿಟ್ಟಿದ್ರೆ ಅದು ಇನ್ನೊಂದು ಮಾಮೂಲಿ ಕೈಗಾರಿಕಾ ಪ್ರದೇಶ ಆಗ್ತಿತ್ತು. ವಿಶ್ವವಿದ್ಯಾಲಯದ ಜೊತೆ ಕೊಡುಕೊಳ್ಳುವಿಕೆ ಇರೋ ತಂತ್ರಜ್ಞಾನ ಕಂಪನಿಗಳೇ ಬರಬೇಕು ಅಂತ ಟರ್ಮನ್ ಒತ್ತಾಯಿಸಿದರು. ಮೊದಲು ಬಂದದ್ದು ವೇರಿಯನ್ ಸಹೋದರರ ಕಂಪನಿ. ಹಿಂದೆಯೇ ಎಚ್‌ಪಿ, ಜನರಲ್ ಎಲೆಕ್ಟ್ರಿಕ್, ಲಾಕ್‌ಹೀಡ್. ಇವತ್ತು ಅದು ಸುಮಾರು 700 ಎಕರೆಯ ರಿಸರ್ಚ್ ಪಾರ್ಕ್.

ಇದಕ್ಕಿಂತ ದೊಡ್ಡ ಕೆಲಸ ಅಂದ್ರೆ 1950ರ ದಶಕದಲ್ಲಿ ಅವರು ತಂದ ಆನರ್ಸ್ ಕೋಆಪರೇಟಿವ್ ಯೋಜನೆ. ಸುತ್ತಲಿನ ಕಂಪನಿಗಳ ಎಂಜಿನಿಯರ್‌ಗಳು ಕೆಲಸ ಬಿಡದೇ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ನಾತಕೋತ್ತರ ಪದವಿ ಓದಬಹುದು. ಫೀಸು ಕಂಪನಿಯದು, ಅದರ ಮೇಲೆ ವಿಶ್ವವಿದ್ಯಾಲಯಕ್ಕೆ ಒಂದಿಷ್ಟು ಹೆಚ್ಚುವರಿ ಹಣ. ಕಂಪನಿಗೆ ಕಲಿತ ಎಂಜಿನಿಯರ್ ಸಿಕ್ಕ, ಮೇಷ್ಟ್ರಿಗೆ ಕೈಕೆಸರಾದ ವಿದ್ಯಾರ್ಥಿ ಸಿಕ್ಕ, ಊರಿಗೆ ಊರು ಬಿಡದ ಪ್ರತಿಭೆ ಸಿಕ್ಕಿತು.

1955ರಲ್ಲಿ ಟರ್ಮನ್ ಇಡೀ ವಿಶ್ವವಿದ್ಯಾಲಯದ ಪ್ರೊವೋಸ್ಟ್ ಆದರು. ಆ ಹೊತ್ತಲ್ಲೇ ಟ್ರಾನ್ಸಿಸ್ಟರ್ ಸಂಶೋಧಕರಲ್ಲೊಬ್ಬನಾದ ವಿಲಿಯಂ ಶಾಕ್ಲಿ, ಆರ್ನಾಲ್ಡ್ ಬೆಕ್‌ಮನ್ ಹೂಡಿದ ಹಣದಿಂದ ಕಂಪನಿ ತೆರೆಯಲು ಜಾಗ ನೋಡ್ತಿದ್ದ. ಸ್ಟ್ಯಾನ್‌ಫರ್ಡ್ ಹತ್ತಿರಕ್ಕೇ ಬಾ ಅಂತ ಟರ್ಮನ್ ಪಟ್ಟುಹಿಡಿದರು. 1956ರಲ್ಲಿ ಮೌಂಟನ್ ವ್ಯೂ ಊರಲ್ಲಿ ಶಾಕ್ಲಿ ಪ್ರಯೋಗಾಲಯ ಶುರುವಾಯ್ತು. ವಿಚಿತ್ರ ನೋಡಿ, ಇದೇ ಶಾಕ್ಲಿ ಹುಡುಗನಾಗಿದ್ದಾಗ ಅಪ್ಪ ಟರ್ಮನ್‌ನ ಬುದ್ಧಿವಂತರ ಅಧ್ಯಯನಕ್ಕೆ ಪರೀಕ್ಷೆ ಬರೆದು ಆಯ್ಕೆಯಾಗಿರಲಿಲ್ಲ. ಅಪ್ಪನ ಜರಡಿಯಿಂದ ಉದುರಿದವನನ್ನು ಮಗ ಕರೆದು ಕೂರಿಸಿದ. ಅದೇ ವರ್ಷ ಶಾಕ್ಲಿಗೆ ನೊಬೆಲ್ ಬಂತು. ಆದರೆ ಅವನ ಜೊತೆ ಏಗಲಾರದೆ 1957ರಲ್ಲಿ ಎಂಟು ಮಂದಿ ಹೊರಬಂದು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಟ್ಟಿದರು. ಅವರಲ್ಲಿ ಇಬ್ಬರು, ರಾಬರ್ಟ್ ನಾಯ್ಸ್ ಮತ್ತು ಗಾರ್ಡನ್ ಮೂರ್, 1968ರಲ್ಲಿ ಇಂಟೆಲ್ ಕಟ್ಟಿದರು. ಶಾಕ್ಲಿ ಮುಳುಗಿದ, ಜನ ಮಾತ್ರ ಕಣಿವೆಯಲ್ಲೇ ಉಳಿದರು.

ಯಂತ್ರದ ಬುದ್ಧಿಗೂ ಅದೇ ನೆಲ

ಕೃತಕ ಬುದ್ಧಿಮತ್ತೆ ಅನ್ನೋ ಹೆಸರು ಹುಟ್ಟಿಸಿದ ಜಾನ್ ಮೆಕಾರ್ಥಿ 1962ರಲ್ಲಿ ಎಂಐಟಿ ಬಿಟ್ಟು ಸ್ಟ್ಯಾನ್‌ಫರ್ಡ್‌ಗೆ ಬಂದಾಗ ಪ್ರೊವೋಸ್ಟ್ ಆಗಿದ್ದವರು ಟರ್ಮನ್. 1965ರಲ್ಲಿ ಜಾರ್ಜ್ ಫೋರ್ಸೈತ್ ನೇತೃತ್ವದಲ್ಲಿ ಅಲ್ಲಿ ಕಂಪ್ಯೂಟರ್ ಸೈನ್ಸ್ ಪ್ರತ್ಯೇಕ ವಿಭಾಗವಾದಾಗಲೂ ಅವರೇ. ಮೆಕಾರ್ಥಿಯ ಎಐ ಪ್ರಯೋಗಾಲಯಕ್ಕೆ ಹಣ ಬಂದದ್ದು ರಕ್ಷಣಾ ಇಲಾಖೆಯ ಆರ್ಪಾ ಸಂಸ್ಥೆಯಿಂದ. ಲಾಭ ಯಾವಾಗ ಅಂತ ಮುಂದಿನ ತ್ರೈಮಾಸಿಕಕ್ಕೇ ಕೇಳುವ ಹಣ ಅದಲ್ಲ. ಯುದ್ಧಾನಂತರ ಸ್ಟ್ಯಾನ್‌ಫರ್ಡ್ ಹುಟ್ಟುಹಾಕಿದ್ದ ಎಸ್‌ಆರ್‌ಐ ಸಂಸ್ಥೆಯಲ್ಲೂ ಅಂಥದೇ ಹಣದಿಂದ ಶೇಕಿ ಅನ್ನೋ ರೋಬೋ ತಯಾರಾಯ್ತು. ತಾನೇ ಯೋಚಿಸಿ ದಾರಿ ಹುಡುಕಿದ ಮೊದಲ ಚಲಿಸುವ ರೋಬೋಗಳಲ್ಲಿ ಅದೊಂದು.

ಇವತ್ತು ಎಐ ಅಂದ ಕೂಡಲೇ ನೆನಪಾಗುವ ಎನ್‌ವಿಡಿಯಾದ ಜೆನ್ಸನ್ ಹುವಾಂಗ್ ಚಿಪ್ ಕಂಪನಿಯಲ್ಲಿ ಕೆಲಸ ಮಾಡ್ತಾ ಮಾಡ್ತಾ 1992ರಲ್ಲಿ ಸ್ಟ್ಯಾನ್‌ಫರ್ಡ್‌ನ ಸ್ನಾತಕೋತ್ತರ ಪದವಿ ಮುಗಿಸಿದವರು. ಕೆಲಸ ಬಿಡದೆ ಓದುವ ಆ ಬಾಗಿಲನ್ನು ತೆರೆದಿಟ್ಟವರು ಯಾರು ಅಂತ ಮೇಲೆ ಓದಿದ್ದೀರಿ.

ಹಾಗಂತ ಎಲ್ಲ ಒಳ್ಳೆಯದೇ ಆಯ್ತು ಅನ್ನೋ ಹಾಗಿಲ್ಲ. ಕಣಿವೆಯ ಮೊದಲ ದಶಕಗಳ ಹಣದಲ್ಲಿ ಬಹುಪಾಲು ಶೀತಲ ಸಮರದ್ದು, ಅಂದ್ರೆ ಶಸ್ತ್ರಾಸ್ತ್ರದ್ದು. 1969ರಲ್ಲಿ ವಿಯೆಟ್ನಾಂ ಯುದ್ಧ ವಿರೋಧಿಸಿ ವಿದ್ಯಾರ್ಥಿಗಳು ಟರ್ಮನ್ ಬೆಳೆಸಿದ್ದ ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯವನ್ನೇ ಆಕ್ರಮಿಸಿ ಕೂತರು. ಹೊರಗಿನ ಹಣ ತರಲಾಗದ ವಿಭಾಗಗಳಿಗೆ ಟರ್ಮನ್ ಕಾಲ ಸುಖದ್ದಾಗಿರಲಿಲ್ಲ. ಹಣ್ಣಿನ ತೋಟಗಳು ಹೋದವು. ಚಿಪ್ ಕಾರ್ಖಾನೆಗಳ ರಾಸಾಯನಿಕ ಅಂತರ್ಜಲಕ್ಕೆ ಇಳಿದು, ಆ ಒಂದು ಕೌಂಟಿಯಲ್ಲೇ ಸರ್ಕಾರ ಶುದ್ಧೀಕರಣಕ್ಕೆ ಗುರುತಿಸಿದ ವಿಷಪೂರಿತ ಜಾಗಗಳು ಇಪ್ಪತ್ತನ್ನು ದಾಟಿದವು. ಬೆಳ್ಳಂದೂರು ಕೆರೆಯ ನೊರೆ ಕಂಡ ನಮಗೆ ಇದೂ ಅಪರಿಚಿತವಲ್ಲ.

ನಕಲು ಮಾಡೋಕೆ ಹೋದಾಗ

1965ರಲ್ಲಿ ಟರ್ಮನ್ ನಿವೃತ್ತರಾದರು. ನಮಗೂ ಇಂಥದೊಂದು ಕಣಿವೆ ಮಾಡಿಕೊಡಿ ಅಂತ ಕರೆಗಳು ಬಂದವು. ನ್ಯೂಜೆರ್ಸಿಯಲ್ಲಿ ಬೆಲ್ ಲ್ಯಾಬ್ಸ್ ಮುಂದಾಳತ್ವ ವಹಿಸಿ ಅವರನ್ನು ಕರೆಸಿತು. ಅಲ್ಲಿ ಹಣಕ್ಕೆ ಬರವೇ? ಟ್ರಾನ್ಸಿಸ್ಟರ್ ಹುಟ್ಟಿದ ನೆಲವೇ ಅದು. ಔಷಧಿ, ತೈಲ, ಎಲೆಕ್ಟ್ರಾನಿಕ್ಸ್ ಎಲ್ಲದರ ದೈತ್ಯರೂ ಇದ್ದರು. ಆದರೆ ಒಬ್ಬೊಬ್ಬರಿಗೂ ಬೇಕಾದದ್ದು ಒಂದೊಂದು. ಕೈ ಜೋಡಿಸಿ ಒಂದು ಹೊಸ ವಿಶ್ವವಿದ್ಯಾಲಯ ಕಟ್ಟುವಷ್ಟು ಒಮ್ಮತ ಬರಲೇ ಇಲ್ಲ. ಯೋಜನೆ ಕಾಗದದಲ್ಲೇ ಉಳಿಯಿತು. ಟೆಕ್ಸಸ್‌ನ ಡಲ್ಲಾಸ್‌ನಲ್ಲೂ ಅಂದುಕೊಂಡಷ್ಟು ಆಗಲಿಲ್ಲ. ಕಣಿವೆ ಕಟ್ಟಿದವರನ್ನೇ ಕರೆಸಿದ್ರೂ, ಹಣ ಇದ್ರೂ, ದೊಡ್ಡ ಕಂಪನಿಗಳಿದ್ರೂ ಕಣಿವೆ ಬರಲಿಲ್ಲ.

ಗೆದ್ದದ್ದು ಯಾರೂ ಊಹಿಸದ ಕಡೆ. 1970ರಲ್ಲಿ, ತಮ್ಮ 70ನೇ ವಯಸ್ಸಿನಲ್ಲಿ, ಟರ್ಮನ್ ಅಮೆರಿಕದ ನೆರವು ಸಂಸ್ಥೆಯ ತಂಡದ ಮುಖ್ಯಸ್ಥರಾಗಿ ದಕ್ಷಿಣ ಕೊರಿಯಾಕ್ಕೆ ಹೋದರು. ಆಗ ಅದು ಬಡ ದೇಶ. ಓದಿದವರು ಅಮೆರಿಕಕ್ಕೆ ಹೋಗಿ ಅಲ್ಲೇ ಉಳೀತಿದ್ರು. ಉದ್ಯಮಕ್ಕೆ ಬೇಕಾದ ವಿಜ್ಞಾನ-ಎಂಜಿನಿಯರಿಂಗ್‌ಗೆ ಮೀಸಲಾದ ಸ್ನಾತಕೋತ್ತರ ಸಂಸ್ಥೆಯೊಂದನ್ನು ಕಟ್ಟಿ ಅಂತ ಅವರ ತಂಡ ವರದಿ ಕೊಟ್ಟಿತು. 60 ಲಕ್ಷ ಡಾಲರ್ ಅಮೆರಿಕನ್ ಸಾಲದ ನೆರವಿನಿಂದ 1971ರಲ್ಲಿ ಸಂಸ್ಥೆ ಸ್ಥಾಪನೆಯಾಯ್ತು. ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ, ಕಡ್ಡಾಯ ಸೇನಾ ಸೇವೆಯಿಂದ ವಿನಾಯಿತಿ ಸಿಕ್ಕಿತು. ಹೊರದೇಶದಲ್ಲಿದ್ದ ಕೊರಿಯನ್ ಮೇಷ್ಟ್ರುಗಳು ವಾಪಸ್ ಬಂದರು. ಇವತ್ತಿನ ಕೈಸ್ಟ್ ಅದೇ. ಎಐ ಚಿಪ್‌ಗಳ ಪಕ್ಕ ಕೂರುವ ವೇಗದ ಮೆಮೊರಿಯ ಬಹುಪಾಲು ಇವತ್ತು ತಯಾರಾಗೋದು ಕೊರಿಯಾದ ಎರಡು ಕಂಪನಿಗಳಲ್ಲಿ.

ನ್ಯೂಜೆರ್ಸಿಯಲ್ಲಿ ಇಲ್ಲದ್ದು, ಕೊರಿಯಾದಲ್ಲಿ ಇದ್ದದ್ದು ಏನು? ಕಲಿಸುವವರನ್ನು, ಕಲಿತವರನ್ನು ಊರಲ್ಲೇ ಉಳಿಸಿಕೊಳ್ಳಬೇಕು ಅನ್ನೋ ಹಟ. ಅದಕ್ಕೆ ಎಲ್ಲರೂ ಒಟ್ಟಿಗೆ ಹೆಗಲು ಕೊಟ್ಟದ್ದು.

ನಮ್ಮ ಕಡೆಗೂ ಈ ಕನಸು ಬಂತು. ಕಿಯೋನಿಕ್ಸ್‌ನ ಮೊದಲ ಅಧ್ಯಕ್ಷ ಆರ್.ಕೆ. ಬಾಳಿಗ ಬೆಂಗಳೂರನ್ನು ಭಾರತದ ಸಿಲಿಕಾನ್ ಕಣಿವೆ ಮಾಡುವ ಕನಸಿನಿಂದ 1970ರ ದಶಕದ ಕೊನೆಯಲ್ಲಿ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಗೆ ಬುನಾದಿ ಹಾಕಿದರು. ಅದು ಬೇರು ಬಿಟ್ಟದ್ದು ಬರಿ ಜಮೀನಿನಿಂದಲ್ಲ. 1909ರಿಂದ ಇದ್ದ ಟಾಟಾ ಇನ್‌ಸ್ಟಿಟ್ಯೂಟ್, ಎಚ್‌ಎಎಲ್, ಬಿಇಎಲ್, ಸಾಲುಸಾಲು ಎಂಜಿನಿಯರಿಂಗ್ ಕಾಲೇಜುಗಳು ತಯಾರು ಮಾಡಿಟ್ಟ ಜನ ಆಗಲೇ ಇಲ್ಲಿದ್ದರು. ಈಗ ಮೈಸೂರು, ಹುಬ್ಬಳ್ಳಿ, ಮಂಗಳೂರಿಗೂ ಉದ್ಯಮ ಹಬ್ಬಲಿ ಅಂತ ಬೆಂಗಳೂರಿನಾಚೆಗಿನ ಯೋಜನೆಗಳು ನಡೆದಿವೆ. ಎಐಗೆ ಅಂತ ಬರುವ ಹಣದಲ್ಲಿ ಜಿಪಿಯು ಕೊಳ್ಳೋದು ಸುಲಭ. ಐದಾರು ವರ್ಷಕ್ಕೆ ಅದು ಹಳತಾಗುತ್ತೆ. ಆ ಹಣದಲ್ಲಿ ಎಷ್ಟು ಪಾಲು ಆ ಊರಿನ ಕಾಲೇಜಿನ ಮೇಷ್ಟ್ರಿಗೆ, ಲ್ಯಾಬಿಗೆ, ಊರಲ್ಲೇ ಏನಾದ್ರೂ ಮಾಡ್ತೀನಿ ಅನ್ನೋ ಹುಡುಗ ಹುಡುಗಿಯರಿಗೆ ಹೋಗುತ್ತೆ ಅಂತ ಕೇಳುವ ಹಕ್ಕು ನಮಗಿದೆ. ಫೈನಲ್ ಇಯರ್ ಪ್ರಾಜೆಕ್ಟನ್ನು ರಿಪೋರ್ಟ್ ಬೈಂಡ್ ಮಾಡಿಸಿದ ದಿನವೇ ಮರೆತುಬಿಡ್ತೀವಲ್ಲ, ಅದರ ಬಗ್ಗೆ ನಮ್ಮನ್ನೂ ನಾವು ಕೇಳಿಕೊಳ್ಳಬಹುದು.

1977ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಟರ್ಮನ್ ಹೆಸರಿನ ಎಂಜಿನಿಯರಿಂಗ್ ಕಟ್ಟಡ ಎದ್ದಿತು. ಹಣ ಕೊಟ್ಟವರು ಹ್ಯೂಲೆಟ್ ಮತ್ತು ಪ್ಯಾಕರ್ಡ್, 538 ಡಾಲರಿನ ಆ ಹುಡುಗರೇ. 1982ರ ಡಿಸೆಂಬರ್ 19ರಂದು ಟರ್ಮನ್ ತೀರಿಕೊಂಡರು. 2011ರಲ್ಲಿ ಆ ಕಟ್ಟಡವನ್ನೂ ಕೆಡವಿದರು. ಎಂಜಿನಿಯರಿಂಗ್ ಶಾಲೆ ಅಷ್ಟರಲ್ಲಿ ಪಕ್ಕದ ಹೊಸ ಕಟ್ಟಡಕ್ಕೆ ಸ್ಥಳಾಂತರವಾಗಿತ್ತು. ಅದಕ್ಕೆ ಹಣ ಕೊಟ್ಟವರು ಅಲ್ಲಿಯ ಇನ್ನೊಬ್ಬ ಹಳೇ ವಿದ್ಯಾರ್ಥಿ, ಎನ್‌ವಿಡಿಯಾದ ಹುವಾಂಗ್.